ರಬ್ಬರ್ ಹಾಲಿಗೆ ಫಾರ್ಮಿಕ್ ಬದಲು ಸಲ್ಫ್ಯೂರಿಕ್ ಆಸಿಡ್: ಶೀಟ್ ಅಂಟುತ್ತದೆ, ಡಿಶ್ ತೂತಾಗುತ್ತದೆ

ಮುಳ್ಳೇರಿಯ_ತೋಟ

ಎಲ್ಲರಿಗೂ ನಮಸ್ಕಾರ. ಅಡಿಕೆಯ ಜೊತೆಗೆ ಸ್ವಲ್ಪ ರಬ್ಬರ್ ಉಂಟು, ದಿನಕ್ಕೆ ಹತ್ತು ಶೀಟ್ ಆಗುವಷ್ಟು. ಫಾರ್ಮಿಕ್ ಆಸಿಡ್ ದುಬಾರಿ ಆಯಿತು ಅಂತ ಅಂಗಡಿಯಿಂದ ಸಲ್ಫ್ಯೂರಿಕ್ ತಂದದ್ದು. "ಇದು ಜೋರಿನ ಆಸಿಡ್, ಫಾರ್ಮಿಕ್‌ನ ಅರ್ಧ ಸಾಕು" ಅಂತ ಅಂಗಡಿಯಲ್ಲಿ ಹೇಳಿದರು. ಹಾಲು ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ಆದರೆ ಹೊಗೆಮನೆಯಿಂದ ತೆಗೆದು ಅಟ್ಟಿ ಇಟ್ಟ ಶೀಟು ಕೆಲವು ವಾರದಲ್ಲಿ ಒಂದಕ್ಕೊಂದು ಅಂಟುತ್ತದೆ, ಕೆಲವು ಕಡೆ ಬೆರಳಿಗೆ ಮೇಣದ ಹಾಗೆ ಹತ್ತುತ್ತದೆ. ಹಾಲು ಹೆಪ್ಪುಗಟ್ಟಿಸುವ ಅಲ್ಯುಮಿನಿಯಂ ಡಿಶ್‌ಗಳ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ. ರೋಲರ್ ಬೆಳಿಗ್ಗೆ ನೋಡಿದರೆ ಕೆಂಪು ತುಕ್ಕು.

ಆಸಿಡ್ ಕಲಸುವುದು ಒಂದು ನೀಲಿ ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗಲೂ ಅದೇ ಬ್ಯಾರಲ್, ತೊಳೆದೇ ಉಪಯೋಗಿಸುವುದು. ಹಾಲು ಬೇಗ ಹೆಪ್ಪಾಗುವ ದಿನಗಳಲ್ಲಿ ಅಮೋನಿಯ ಹಾಕುವುದುಂಟು.

ತಪ್ಪು ಆಸಿಡ್‌ನದ್ದೋ ಅಳತೆಯದ್ದೋ ಅಂತ ಗೊತ್ತಾಗಬೇಕು. ಜೋರಿನ ಆಸಿಡ್ ಆದರೆ ಕಡಿಮೆ ಸಾಕು ಎನ್ನುವುದು ನಿಜವೇ?

ಕುಂಬಳೆ_ಕೆಮಿಸ್ಟ್ರಿ

ಅಂಗಡಿಯವರ ಅಳತೆ ಹೆಚ್ಚುಕಡಿಮೆ ಸರಿ, ಕಾರಣ ಮಾತ್ರ ತಪ್ಪು. ಆ ಕಾರಣವನ್ನು ನಂಬಿದ್ದರಿಂದಲೇ ಉಳಿದ ತೊಂದರೆ ಬರುತ್ತದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಾಲಿನಲ್ಲಿ ರಬ್ಬರ್ ಇರುವುದು ಸೂಕ್ಷ್ಮ ಕಣಗಳಾಗಿ. ಪ್ರತಿ ಕಣದ ಮೇಲೆ ಪ್ರೋಟೀನ್ ಮತ್ತು ಕೊಬ್ಬಿನ ಪೊರೆ ಉಂಟು. ತಾಜಾ ಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 7ರ ಆಸುಪಾಸು. ಆಗ ಆ ಪೊರೆಯ ಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುದಂಶ, ಹಾಗಾಗಿ ಅವು ಒಂದನ್ನೊಂದು ದೂಡುತ್ತವೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಆಮ್ಲ ಕೊಡುವ ಹೈಡ್ರೋಜನ್ ಅಯಾನು ಈ ಋಣಾಂಶವನ್ನು ತೀರಿಸುತ್ತದೆ. ಪಿಎಚ್ ಸುಮಾರು 4.7–4.8ಕ್ಕೆ ಇಳಿದಾಗ ದೂಡುವ ಬಲ ಇಲ್ಲವಾಗಿ ಕಣಗಳು ಕೂಡಿಕೊಳ್ಳುತ್ತವೆ. ಅಂದರೆ ನಮಗೆ ಬೇಕಾದದ್ದು ಒಂದು ಡಿಶ್ ಹಾಲನ್ನು ಆ ಪಿಎಚ್‌ಗೆ ಇಳಿಸುವಷ್ಟು ಹೈಡ್ರೋಜನ್ ಅಯಾನು, ಅಷ್ಟೆ. ಅದಕ್ಕಿಂತ ಕೆಳಗೆ ಇಳಿಸಿದರೆ ಏನೂ ಲಾಭವಿಲ್ಲ.

ಪ್ರಬಲ ಆಮ್ಲ ಎಂದರೆ ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ ಅಯಾನುಗಳನ್ನೆಲ್ಲ ಬಿಟ್ಟುಕೊಡುವಂಥದ್ದು. ದುರ್ಬಲ ಆಮ್ಲ ಸ್ವಲ್ಪ ಬಿಡುತ್ತದೆ, ಅದು ಖರ್ಚಾದ ಹಾಗೆ ಮತ್ತೆ ಬಿಡುತ್ತದೆ. ಎಷ್ಟು ಬಿಡುತ್ತದೆ ಎನ್ನುವುದು ಸುತ್ತಲಿನ ಪಿಎಚ್ ಮೇಲೆ ಹೋಗುತ್ತದೆ. ಫಾರ್ಮಿಕ್ ಆಮ್ಲದ ಪಿಕೆಎ, ಅಂದರೆ ಅದು ಅರ್ಧದಷ್ಟು ಅಯಾನು ಬಿಟ್ಟುಕೊಡುವ ಪಿಎಚ್, 3.75. ಪಿಎಚ್ 4.75ರಲ್ಲಿ ಅದು ಶೇ. 91ರಷ್ಟು ಅಯಾನುಗಳನ್ನು ಬಿಟ್ಟಾಗಿರುತ್ತದೆ. ಅಂದರೆ ಡಿಶ್‌ನ ಒಳಗೆ ಫಾರ್ಮಿಕ್ ಬಹುತೇಕ ಪ್ರಬಲ ಆಮ್ಲದಷ್ಟೇ ಕೆಲಸ ಮಾಡುತ್ತದೆ. ಅಸಿಟಿಕ್ ಆಮ್ಲದ ಪಿಕೆಎ 4.76, ಅದೇ ಪಿಎಚ್‌ನಲ್ಲಿ ಅದು ಬಿಟ್ಟುಕೊಡುವುದು ಅರ್ಧ ಮಾತ್ರ. ಹಾಗಾಗಿ ಅಸಿಟಿಕ್ ಹಾಕುವವರಿಗೆ ಎರಡು ಪಟ್ಟಿಗಿಂತಲೂ ಹೆಚ್ಚು ಬೇಕಾಗುತ್ತದೆ.

ಈಗ ಲೆಕ್ಕ. ಅರ್ಧ ಕೆಜಿ ಒಣ ರಬ್ಬರ್ ಇರುವ ಒಂದು ಡಿಶ್‌ಗೆ ಶೇ. 85ರ ಫಾರ್ಮಿಕ್ 2 ಮಿ.ಲೀ. ಬೇಕು ಎಂದಿಟ್ಟುಕೊಳ್ಳಿ. ತೂಕದಲ್ಲಿ ಶುದ್ಧ ಫಾರ್ಮಿಕ್ ಸುಮಾರು 2 ಗ್ರಾಂ. ಅಷ್ಟೇ ಕೆಲಸಕ್ಕೆ ಶುದ್ಧ ಸಲ್ಫ್ಯೂರಿಕ್ ಬೇಕಾದದ್ದೂ ಸುಮಾರು 2 ಗ್ರಾಂ! ಶೇ. 98ರ ಸಲ್ಫ್ಯೂರಿಕ್ ಭಾರದ ದ್ರವ, ಒಂದು ಮಿ.ಲೀ. 1.84 ಗ್ರಾಂ ತೂಗುತ್ತದೆ, ನೀರಿನ ಅಂಶವೂ ಕಡಿಮೆ. ಹಾಗಾಗಿ ಅಳೆಯುವಾಗ 1.1 ಮಿ.ಲೀ. ಸಾಕಾಗುತ್ತದೆ. ಅಂಗಡಿಯ "ಅರ್ಧ" ಬಂದದ್ದು ಇಲ್ಲಿಂದ. ಜೋರಿನಿಂದ ಬಂದ ಉಳಿತಾಯ ಅಲ್ಲ ಅದು, ಗಟ್ಟಿತನದಿಂದ ಬಂದದ್ದು. ನೀವು ತಂದದ್ದು ಬ್ಯಾಟರಿಗೆ ಹಾಕುವ ಶೇ. 37ರದ್ದಾದರೆ ಅದೇ ಡಿಶ್‌ಗೆ 4 ಮಿ.ಲೀ. ಬೇಕು, ಫಾರ್ಮಿಕ್‌ನ ಎರಡರಷ್ಟು. ಹಳೇ ಬ್ಯಾಟರಿಯಿಂದ ಬಗ್ಗಿಸಿದ್ದನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಸೀಸ ಇರುತ್ತದೆ.

ಹಾಗಾದರೆ ಜೋರು ಎಲ್ಲಿ ಕಾಣಿಸುತ್ತದೆ? ಕಲಸಿಟ್ಟ ಬಕೆಟ್‌ನಲ್ಲಿ. ಲೀಟರ್ ನೀರಿಗೆ 5 ಮಿ.ಲೀ. ಫಾರ್ಮಿಕ್ ಹಾಕಿದರೆ ಆ ನೀರಿನ ಪಿಎಚ್ 2.4ರ ಹತ್ತಿರ. ಅಷ್ಟೇ ಹಾಲನ್ನು ಹೆಪ್ಪುಗಟ್ಟಿಸುವ ಸಲ್ಫ್ಯೂರಿಕ್ ಕಲಸಿದರೆ ಪಿಎಚ್ 1.2. ಅಂಕಿಯಲ್ಲಿ ಸಣ್ಣ ವ್ಯತ್ಯಾಸ, ಆದರೆ ಆ ಕ್ಷಣಕ್ಕೆ ಬಿಡಿಯಾಗಿರುವ ಹೈಡ್ರೋಜನ್ ಅಯಾನು ಹದಿನಾಲ್ಕು ಪಟ್ಟು. ಲೋಹವನ್ನು ತಿನ್ನುವುದು, ಕೈ ಸುಡುವುದು, ಸಿಮೆಂಟ್ ನೆಲವನ್ನು ಕೊರೆಯುವುದು ಎಲ್ಲ ಈ ಬಿಡಿ ಅಯಾನುಗಳು. ಅಲ್ಯುಮಿನಿಯಂ ಮೇಲೆ ತೆಳ್ಳಗಿನ ಆಕ್ಸೈಡ್ ಪದರ ಉಂಟು, ಪಾತ್ರೆಯನ್ನು ಕಾಯುವುದು ಅದೇ. ಪಿಎಚ್ 4ಕ್ಕಿಂತ ಕೆಳಗೆ ಆ ಪದರ ಕರಗಲು ಶುರುವಾಗುತ್ತದೆ. ಖಾಲಿ ಡಿಶ್‌ಗೆ ಮೊದಲು ಆಸಿಡ್ ಹೊಯ್ದು ಮೇಲಿಂದ ಹಾಲು ಸುರಿಯುವ ಅಭ್ಯಾಸ ಇದ್ದರೆ ತಳದಲ್ಲಿ ಸೂಜಿಮೊನೆಯ ತೂತು ಬೀಳುವುದು ಸಹಜ. ರೋಲರ್ ಬೀಡುಕಬ್ಬಿಣದ್ದು, ಅದರ ಮೇಲೆ ಸಲ್ಫ್ಯೂರಿಕ್ ನೀರು ನಿಂತರೆ ಕಬ್ಬಿಣ ಕರಗಿ ಫೆರಸ್ ಸಲ್ಫೇಟ್ ಆಗುತ್ತದೆ. ನೀವು ಬೆಳಿಗ್ಗೆ ನೋಡುವ ಕೆಂಪು ಅದರದ್ದೇ ಮುಂದಿನ ರೂಪ.

ಇನ್ನು ಅಂಟುವ ವಿಷಯ. ಫಾರ್ಮಿಕ್ 101 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಹೆಚ್ಚುಕಡಿಮೆ ನೀರಿನ ಹಾಗೆ. ಬಹುಪಾಲು ಶೀಟ್ ಒತ್ತುವಾಗ ನೀರಿನೊಂದಿಗೆ ಹೋಗುತ್ತದೆ, ಬಿಡಿಯಾಗಿ ಉಳಿದದ್ದು ಹೊಗೆಮನೆಯ ಬಿಸಿಗೆ ನೀರಿನ ಜೊತೆಯೇ ಆರುತ್ತದೆ. ಸಲ್ಫ್ಯೂರಿಕ್ ಕುದಿಯುವುದು 330 ಡಿಗ್ರಿಗೂ ಮೇಲೆ. ಅದು ಆರುವುದೇ ಇಲ್ಲ. ಶೀಟಿನ ನೀರು ಆರಿದಷ್ಟೂ ಒಳಗೆ ಉಳಿದ ಸಲ್ಫ್ಯೂರಿಕ್ ಗಟ್ಟಿಯಾಗುತ್ತಾ ಹೋಗುತ್ತದೆ, ರಬ್ಬರಿನ ಸರಪಳಿಯನ್ನು ಕೆಡಿಸುತ್ತದೆ. ಟೈರ್ ಮಾಡುವವರು ಗಂಧಕ ಬೆರೆಸಿ ಬೇಯಿಸುವಾಗಲೂ ಈ ಉಳಿದ ಆಮ್ಲ ಅಡ್ಡಬರುತ್ತದೆ, ಬೇಯುವುದು ತಡವಾಗುತ್ತದೆ.

ಆದರೆ ನಿಮ್ಮ ಶೀಟು ಮೇಣದ ಹಾಗೆ ಹತ್ತುತ್ತದೆ ಅಂದದ್ದು, ಆ ನೀಲಿ ಬ್ಯಾರಲ್, ಇವೆರಡನ್ನು ಒಟ್ಟಿಗೆ ಓದಿದರೆ ಬೇರೆ ಸಂಶಯವೂ ಬರುತ್ತದೆ. ಮದ್ದು ಅಂದರೆ ಬೋರ್ಡೋ, ಮೈಲುತುತ್ತು-ಸುಣ್ಣದ ದ್ರಾವಣ ತಾನೇ?

ಪೆರ್ಲ_ಗುಡ್ಡೆ

ಕುಂಬಳೆ ಮೇಷ್ಟ್ರ ಲೆಕ್ಕ ಸರಿ ಇರಬಹುದು. ಆದರೆ ಎಷ್ಟೋ ಕಡೆ ಸಲ್ಫ್ಯೂರಿಕ್ ಹಾಕಿಯೇ ಶೀಟ್ ಮಾಡುತ್ತಾರೆ, ಗ್ರೇಡೂ ಸಿಗುತ್ತದೆ. ಅದು ಹೇಗೆ?

ಅಡೂರು_ಶೀಟ್

ಪೆರ್ಲದವರೇ, ಶೀಟ್ ಆಗುತ್ತದೆ, ಆಗುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಸಲ್ಫ್ಯೂರಿಕ್ ಹಾಕಿ ಸರಿಯಾದ ಶೀಟ್ ಬರಬೇಕಾದರೆ ಅಳತೆ ಕೂದಲಷ್ಟೂ ಹೆಚ್ಚಾಗಬಾರದು, ಒತ್ತಿದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ರೋಲರ್ ಮತ್ತು ಡಿಶ್ ಅವತ್ತವತ್ತೇ ತೊಳೆಯಬೇಕು. ದೊಡ್ಡ ಜಾಗದಲ್ಲಿ ಅಳೆಯಲು ಒಬ್ಬ ಜನ ಇರುತ್ತಾನೆ. ಮನೆಯಲ್ಲಿ ಟ್ಯಾಪಿಂಗ್ ಮುಗಿಸಿ ಬಂದವನು ಮುಚ್ಚಳದಲ್ಲಿ ಅಂದಾಜಿಗೆ ಹೊಯ್ಯುತ್ತಾನೆ. ಫಾರ್ಮಿಕ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಸಹಿಸಿಕೊಳ್ಳುತ್ತದೆ, ಸಲ್ಫ್ಯೂರಿಕ್ ಸಹಿಸುವುದಿಲ್ಲ. ಗ್ರೇಡ್ ನೋಡುವುದು ಕಣ್ಣಳತೆಯಲ್ಲಿ, ಶೀಟ್ ಮಾರಿದ ದಿನ. ಒಳಗೆ ಉಳಿದ ಆಸಿಡ್ ಕೆಲಸ ತೋರಿಸುವುದು ಆಮೇಲೆ. ಡಿಶ್‌ನ ಬೆಲೆ, ರೋಲರ್‌ನ ಬೆಲೆ ಸೇರಿಸಿ ನೋಡಿದರೆ ಉಳಿತಾಯ ಏನೂ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮುಳ್ಳೇರಿಯದವರೇ, ಕ್ರಮ ಹೇಳುತ್ತೇನೆ, ನಿಮ್ಮದರ ಜೊತೆ ಹೋಲಿಸಿ ನೋಡಿ.

ಹಾಲನ್ನು ಎರಡು ಜರಡಿಯಲ್ಲಿ ಸೋಸಿ, ಮೊದಲು 40 ಮೆಶ್ (ಇಂಚಿಗೆ 40 ಕಣ್ಣಿನದ್ದು), ಆಮೇಲೆ 60. ನಂತರ ನೀರು ಬೆರೆಸುವುದು. ಒಂದು ಡಿಶ್‌ಗೆ ಹೋಗುವ ನೀರು ಬೆರೆಸಿದ 4 ಲೀಟರ್ ಹಾಲಿನಲ್ಲಿ ಅರ್ಧ ಕೆಜಿ ಒಣ ರಬ್ಬರ್ ಇರಬೇಕು, ಅಂದರೆ ಶೇ. 12.5. ಹಾಲಿನ ಡಿಆರ್‌ಸಿ (ನೂರು ಪಾಲು ಹಾಲಿನಲ್ಲಿ ಇರುವ ಒಣ ರಬ್ಬರ್) 35 ಇದ್ದರೆ 1.4 ಲೀಟರ್ ಹಾಲು, 2.6 ಲೀಟರ್ ನೀರು. ಮಳೆಗಾಲದಲ್ಲಿ ಡಿಆರ್‌ಸಿ 30ಕ್ಕೆ ಇಳಿದರೆ 1.65 ಲೀಟರ್ ಹಾಲು, 2.35 ನೀರು. ಡಿಆರ್‌ಸಿ ಅಳೆಯುವ ಮೆಟ್ರೋಲ್ಯಾಕ್ ಇದ್ದರೆ ಒಂದು ಪಾಲು ಹಾಲಿಗೆ ಎರಡು ಪಾಲು ನೀರು ಸೇರಿಸಿ ಅದ್ದಿ, ಬಂದ ಅಂಕಿಯನ್ನು ಮೂರರಿಂದ ಗುಣಿಸಿ. ನೀರು ಕಡಿಮೆ ಹಾಕಿದರೆ ಹೆಪ್ಪು ಕಲ್ಲಿನಂತಾಗಿ ರೋಲರ್‌ಗೆ ಕೊಡುವಾಗ ಕಷ್ಟ, ಆಸಿಡ್ ಕೂಡ ಸಮನಾಗಿ ಹರಡುವುದಿಲ್ಲ.

ಆಸಿಡ್ ಕಲಸುವುದಕ್ಕೆ ಬೇರೆಯೇ ಪ್ಲಾಸ್ಟಿಕ್ ಬಕೆಟ್ ಇಡಿ. ಹತ್ತು ಡಿಶ್‌ಗೆ 4 ಲೀಟರ್ ನೀರು ಅಳೆದು ಹಾಕಿ, ಅದರ ಮೇಲೆ ಶೇ. 85ರ ಫಾರ್ಮಿಕ್ 20 ಮಿ.ಲೀ. ನಿಧಾನಕ್ಕೆ ಬಿಟ್ಟು ಕೋಲಿನಿಂದ ಕದಡಿ. ನೀರಿಗೆ ಆಸಿಡ್, ಯಾವತ್ತೂ ಆಸಿಡ್‌ಗೆ ನೀರಲ್ಲ. ಫಾರ್ಮಿಕ್‌ನಲ್ಲಿ ಬಿಸಿ ಅಷ್ಟಾಗಿ ಏಳದಿದ್ದರೂ ಅಭ್ಯಾಸ ಒಂದೇ ಇರಲಿ, ಸಲ್ಫ್ಯೂರಿಕ್ ಮೇಲೆ ನೀರು ಬಿದ್ದರೆ ಕುದಿದು ಮುಖಕ್ಕೇ ಹಾರುತ್ತದೆ. ಅಳೆಯಲು ಕೆಮ್ಮಿನ ಸಿರಪ್ ಬಾಟಲಿಯ ಜೊತೆ ಬರುವ ಗೀಟು ಹಾಕಿದ ಪ್ಲಾಸ್ಟಿಕ್ ಕಪ್ ಸಾಕು.

ಡಿಶ್‌ಗೆ ಮೊದಲು ನೀರು ಬೆರೆಸಿದ ಹಾಲು, ಆಮೇಲೆ ಕಲಸಿದ ಆಸಿಡ್ ನೀರು 400 ಮಿ.ಲೀ. ಇದು ಮರುದಿನ ಬೆಳಿಗ್ಗೆ ಒತ್ತುವ ಲೆಕ್ಕ. ಅವತ್ತೇ ಸಂಜೆ ಒತ್ತುವುದಾದರೆ 500ರವರೆಗೆ ಹೋಗಬಹುದು. ಹೊಯ್ಯುತ್ತಾ ಅಗಲದ ಸೌಟಿನಿಂದ, ಮರದ ಪಟ್ಟಿ ಆದರೂ ಸರಿ, ತಳದವರೆಗೆ ಕದಡಿ, ನೊರೆಯನ್ನು ಕೂಡಲೇ ಕೆರೆದು ತೆಗೆದುಬಿಡಿ. ನೊರೆ ಬಿಟ್ಟರೆ ಶೀಟಿನಲ್ಲಿ ಗುಳ್ಳೆ. ಮತ್ತೆ ಮುಚ್ಚಿಡಿ, ಅಲುಗಿಸಬೇಡಿ.

ಬೆಳಿಗ್ಗೆ ಹೆಪ್ಪಿನ ಸುತ್ತ ನಿಂತ ನೀರು ನೋಡಿ. ತಿಳಿಯಾಗಿದ್ದರೆ ಆಸಿಡ್ ಸರಿ ಬಿದ್ದಿದೆ. ಹಾಲಿನ ಬಣ್ಣ ಉಳಿದಿದ್ದರೆ ಆಸಿಡ್ ಕಡಿಮೆ, ಅಷ್ಟು ರಬ್ಬರ್ ನೀರಿನಲ್ಲೇ ಹೋಗುತ್ತಿದೆ ಅಂತ ಲೆಕ್ಕ. ನೀರು ತಿಳಿ ಇದ್ದು ಹೆಪ್ಪು ವಿಪರೀತ ಗಟ್ಟಿಯಾಗಿ ಸೆಟೆದಿದ್ದರೆ ಆಸಿಡ್ ಹೆಚ್ಚು. ಪಿಎಚ್ ಪೇಪರ್ ಒಂದು ಕಟ್ಟು ತಂದಿಟ್ಟುಕೊಂಡರೆ ಒಳ್ಳೆಯದು, ನಿಂತ ನೀರು 4.5ರಿಂದ 5ರ ಒಳಗೆ ತೋರಿಸಬೇಕು.

ಹೊಗೆಮನೆಯ ಬಿಸಿ 60 ಡಿಗ್ರಿ ದಾಟಿದರೂ ಶೀಟ್ ಮೆತ್ತಗಾಗುತ್ತದೆ, ಗುಳ್ಳೆ ಏಳುತ್ತದೆ. ಅದನ್ನೂ ಒಮ್ಮೆ ಥರ್ಮಾಮೀಟರ್ ಇಟ್ಟು ನೋಡಿ.

ಮುಳ್ಳೇರಿಯ_ತೋಟ

ತುಂಬ ಉಪಕಾರ ಆಯಿತು. ಹೌದು ಮೇಷ್ಟ್ರೇ, ಬೋರ್ಡೋವೇ. ಮೈಲುತುತ್ತು, ಸುಣ್ಣ, ನೂರು ಲೀಟರ್‌ಗೆ ಒಂದೊಂದು ಕೆಜಿ. ಬ್ಯಾರಲ್ ತೊಳೆದರೆ ನೀರು ತಿಳಿಯಾಗಿಯೇ ಹೋಗುತ್ತದೆ, ಗೋಡೆಗೆ ಮಾತ್ರ ಸಣ್ಣ ನೀಲಿ ಕಟ್ಟು ಉಂಟು.

ಇನ್ನು ಮೂರು ವಿಷಯ ಕೇಳುವುದಿತ್ತು. ಅಮೋನಿಯ ಹಾಕಿದ ದಿನ ಆಸಿಡ್ ಎಷ್ಟು ಹೆಚ್ಚು ಹಾಕಬೇಕು? ಫಾರ್ಮಿಕ್ ಅಂತ ಕೊಡುವುದರಲ್ಲಿ ಬೇರೆ ಬೆರೆಸಿದ್ದಾರಾ ಅಂತ ಮನೆಯಲ್ಲಿ ನೋಡಲು ಆಗುತ್ತದಾ? ಉಳಿದ ಸಲ್ಫ್ಯೂರಿಕ್ ಕ್ಯಾನನ್ನು ಎಂತ ಮಾಡುವುದು, ಫಾರ್ಮಿಕ್ ಜೊತೆ ಬೆರೆಸಿ ಮುಗಿಸಬಹುದಾ?

ಕುಂಬಳೆ_ಕೆಮಿಸ್ಟ್ರಿ

ಕೊನೆಯದಕ್ಕೆ ಮೊದಲು ಉತ್ತರ: ಬೆರೆಸಬೇಡಿ. ಯಾವ ಕಾರಣಕ್ಕೂ ಬೆರೆಸಬೇಡಿ. ಗಟ್ಟಿ ಸಲ್ಫ್ಯೂರಿಕ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಗಟ್ಟಿ ಫಾರ್ಮಿಕ್‌ಗೆ ಅದು ಸೇರಿದರೆ ಫಾರ್ಮಿಕ್ ಅಣುವಿನಿಂದಲೇ ನೀರನ್ನು ಕಿತ್ತುಕೊಳ್ಳುತ್ತದೆ, ಉಳಿಯುವುದು ಕಾರ್ಬನ್ ಮಾನಾಕ್ಸೈಡ್. ಪ್ರಯೋಗಶಾಲೆಯಲ್ಲಿ ಆ ಅನಿಲವನ್ನು ತಯಾರಿಸುವ ಕ್ರಮವೇ ಇದು. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಒಂದು ಕ್ಯಾನಿನಲ್ಲಿ ಇದ್ದದ್ದರ ತಳದಲ್ಲಿ ಇನ್ನೊಂದನ್ನು ತುಂಬಿಸುವುದೂ ಬೇಡ. ಅಳೆಯುವ ಕಪ್ ಕೂಡ ಎರಡಕ್ಕೂ ಬೇರೆ ಬೇರೆ ಇರಲಿ.

ಉಳಿದ ಸಲ್ಫ್ಯೂರಿಕ್ ಮುಚ್ಚಳ ತೆಗೆಯದ ಕ್ಯಾನ್ ಆದರೆ ಅಂಗಡಿಗೆ ಹಿಂದೆ ಕೊಡುವುದೇ ಉತ್ತಮ. ತೆಗೆದದ್ದಾದರೆ ಅದೇ ಕ್ಯಾನಿನಲ್ಲಿ ಹೆಸರು ಬರೆದು, ಬೀಗ ಇರುವ ಜಾಗದಲ್ಲಿ ಇಟ್ಟು ಬ್ಯಾಟರಿ ಕೆಲಸದವರನ್ನು ಕೇಳಿ ನೋಡಿ. ಸುಣ್ಣ ಹಾಕಿ ಮುಗಿಸುತ್ತೇನೆ ಎಂದು ಹೊರಡುವವರಿಗೆ ಪ್ರಮಾಣ ಗೊತ್ತಿರಲಿ: ಶೇ. 98ರ ಒಂದು ಲೀಟರ್ ಸಲ್ಫ್ಯೂರಿಕ್ ತಟಸ್ಥವಾಗಲು ಸುಮಾರು 1.4 ಕೆಜಿ ಅರಳಿದ ಸುಣ್ಣ ಬೇಕು, ಏಳುವ ಬಿಸಿಯೂ ಬಹಳ. ಮನೆಯಂಗಳದಲ್ಲಿ ಮಾಡುವ ಕೆಲಸ ಅಲ್ಲ.

ಅಮೋನಿಯದ ಲೆಕ್ಕ ಸುಲಭ. ಅದು ಪ್ರತ್ಯಾಮ್ಲ, ಆಮ್ಲ ಮೊದಲು ಅದನ್ನು ತೀರಿಸಿ ಆಮೇಲೆ ರಬ್ಬರಿನ ಕಡೆ ಬರುತ್ತದೆ. 17 ಗ್ರಾಂ ಅಮೋನಿಯ 46 ಗ್ರಾಂ ಫಾರ್ಮಿಕ್‌ಅನ್ನು ತಿನ್ನುತ್ತದೆ. ಹತ್ತು ಲೀಟರ್ ಹಾಲಿಗೆ ಶೇ. 0.01ರ ಹಾಗೆ ಒಂದು ಗ್ರಾಂ ಅಮೋನಿಯ ಬಿದ್ದಿದ್ದರೆ ಒಟ್ಟು 2.7 ಮಿ.ಲೀ. ಫಾರ್ಮಿಕ್ ಹೆಚ್ಚಿಗೆ. ಶೇ. 0.05 ಹಾಕಿದ್ದರೆ 13 ಮಿ.ಲೀ.ಗೂ ಹೆಚ್ಚು. ಡಿಆರ್‌ಸಿ 35ರ ಹತ್ತು ಲೀಟರ್ ಹಾಲು ಅಂದರೆ ಏಳು ಡಿಶ್, ಸಾದಾ ದಿನದಲ್ಲಿ 14 ಮಿ.ಲೀ. ಸಾಕು, ಅಂದರೆ ಆ ದಿನ ಆಸಿಡ್ ಖರ್ಚು ಎರಡು ಪಟ್ಟಾಗುತ್ತದೆ. "ಇವತ್ತು ಯಾಕೋ ಹೆಪ್ಪೇ ಆಗಲಿಲ್ಲ" ಎನ್ನುವ ದಿನಗಳಲ್ಲಿ ಹೆಚ್ಚಿನವು ಅಮೋನಿಯ ಕಣ್ಣಳತೆಯಲ್ಲಿ ಬಿದ್ದ ದಿನಗಳು. ಶೀಟಿಗೆ ಹೋಗುವ ಹಾಲಾದರೆ ಅಮೋನಿಯಕ್ಕಿಂತ ಸೋಡಿಯಂ ಸಲ್ಫೈಟ್ ಒಳ್ಳೆಯದು. ಹಾಲು ಬೇಗ ಒಡೆಯುವುದಕ್ಕೆ ಮುಖ್ಯ ಕಾರಣ ಬ್ಯಾಕ್ಟೀರಿಯ ಹುಳಿಯಾಗಿಸುವುದು. ಹಾಲು ಹಿಡಿಯುವ ಚಿರಟೆ (ತೆಂಗಿನ ಗೆರಟೆ), ಬಕೆಟ್ ಚೊಕ್ಕ ಇದ್ದು ಹಾಲು ನೆರಳಿನಲ್ಲಿ ಬೇಗ ಮನೆ ಸೇರಿದರೆ ಎರಡೂ ಬೇಡ.

ಕಲಬೆರಕೆ ನೋಡಲು ಮೂರು ಪರೀಕ್ಷೆ ಇದೆ.

ಮೊದಲನೆಯದು ಕಾಗದ. ಎರಡು ಹನಿ ಆಸಿಡ್ ಹತ್ತಿಪ್ಪತ್ತು ಹನಿ ನೀರಿಗೆ ಬಿಟ್ಟು, ಕಡ್ಡಿಯಲ್ಲಿ ಅದ್ದಿ ಬಿಳಿ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಗಾಳಿ ಆಡುವ ಕಡೆ ಬಿಸಿ ಕಾವಲಿಯ ಮೇಲೆ ಎತ್ತಿ ಹಿಡಿದು ಒಣಗಿಸಿ. ಫಾರ್ಮಿಕ್ ಆದರೆ ಗೆರೆ ಆರಿ ಮಾಯ. ಸಲ್ಫ್ಯೂರಿಕ್ ಇದ್ದರೆ ನೀರು ಆರಿದಂತೆ ಅದು ಗಟ್ಟಿಯಾಗಿ ಕಾಗದದ ನೀರಿನಂಶವನ್ನೇ ಎಳೆದು ಗೆರೆಯನ್ನು ಕಪ್ಪಾಗಿಸುತ್ತದೆ. ಶೀಟಿನ ಒಳಗೆ ನಡೆಯುವುದೂ ಇದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಎರಡನೆಯದು ತೂಕ. ಶೇ. 85ರ ಫಾರ್ಮಿಕ್ 100 ಮಿ.ಲೀ. ತೂಗಿದರೆ 119–120 ಗ್ರಾಂ ಬರಬೇಕು. 112ರ ಹತ್ತಿರ ಬಂದರೆ ಅರ್ಧದಷ್ಟು ನೀರೇ. 120ಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಯಾವುದೋ ಭಾರದ ಆಸಿಡ್ ಸೇರಿದೆ.

ಮೂರನೆಯದು ಅಡುಗೆ ಸೋಡ. 10 ಮಿ.ಲೀ. ಆಸಿಡನ್ನು ಅರ್ಧ ಲೀಟರ್ ನೀರಿಗೆ ಹಾಕಿ, ತೂಕ ಮಾಡಿದ ಸೋಡವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತಾ ನೊರೆ ಏಳುವುದು ನಿಲ್ಲುವವರೆಗೆ ಹೋಗಿ. ಸರಿಯಾದ ಫಾರ್ಮಿಕ್‌ಗೆ ಸುಮಾರು 18.5 ಗ್ರಾಂ ಸೋಡ ಹಿಡಿಯುತ್ತದೆ. 11 ಗ್ರಾಂಗೆ ನಿಂತರೆ ನೀರು ಬೆರೆಸಿದ್ದು. ಗಟ್ಟಿ ಸಲ್ಫ್ಯೂರಿಕ್ ಮಾತ್ರ ಆಗಿದ್ದರೆ 30 ಗ್ರಾಂ ದಾಟುತ್ತದೆ. ನೀರೂ ಸಲ್ಫ್ಯೂರಿಕ್ಕೂ ಎರಡೂ ಬೆರೆತಿದ್ದರೆ ತೂಕ ಇಲ್ಲವೇ ಸೋಡ, ಯಾವುದಾದರೂ ಒಂದು ಸರಿ ಬಂದ ಹಾಗೆ ತೋರಬಹುದು, ಆಗ ಸಿಕ್ಕಿಬೀಳುವುದು ಕಾಗದದಲ್ಲೇ. ಹಾಗಾಗಿ ಮೂರನ್ನೂ ಮಾಡಿ. ಮೂಸಿ ನೋಡುವುದು ಪರೀಕ್ಷೆ ಅಲ್ಲ, ಫಾರ್ಮಿಕ್ ಆವಿ ಶ್ವಾಸನಾಳವನ್ನು ಸುಡುತ್ತದೆ.

ನೀರ್ಚಾಲು_ಅಡಿಕೆ

ಬ್ಯಾರಲ್ ವಿಷಯ ನಾನು ಬರೆಯುತ್ತೇನೆ, ಇದು ನಮ್ಮ ಕಡೆ ಅಡಿಕೆ-ರಬ್ಬರ್ ಎರಡೂ ಇರುವ ಪ್ರತಿ ಮನೆಗೂ ಬೇಕಾದದ್ದು.

ರಬ್ಬರಿಗೆ ತಾಮ್ರದಷ್ಟು ದೊಡ್ಡ ಶತ್ರು ಇಲ್ಲ. ಗಾಳಿಯ ಆಮ್ಲಜನಕ ರಬ್ಬರಿನ ಉದ್ದ ಸರಪಳಿಯನ್ನು ತುಂಡರಿಸುವ ಕೆಲಸವನ್ನು ತಾಮ್ರ ಹಲವು ಪಟ್ಟು ವೇಗ ಮಾಡುತ್ತದೆ. ಸರಪಳಿ ತುಂಡಾದ ರಬ್ಬರ್ ಮೊದಲು ಅಂಟು, ಆಮೇಲೆ ಮೇಣ. ನೀವು ಬರೆದ ಲಕ್ಷಣ ಅದೇ: ಹೊಗೆಮನೆಯಿಂದ ತೆಗೆದಾಗ ಸರಿ ಇದ್ದು ಕೆಲವು ವಾರದಲ್ಲಿ ಕೆಡುವುದು, ಅದೂ ಶೀಟಿನ ಎಲ್ಲ ಕಡೆ ಅಲ್ಲ, ಅಲ್ಲಲ್ಲಿ. ಕಾರ್ಖಾನೆಗೆ ಹೋಗುವ ಲ್ಯಾಟೆಕ್ಸ್‌ನಲ್ಲಿ (ರಬ್ಬರ್ ಹಾಲಿನಲ್ಲಿ) ತಾಮ್ರಕ್ಕೆ ಇಟ್ಟ ಮಿತಿ ಕೆಜಿಗೆ 8 ಮಿಲಿಗ್ರಾಂ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಶೇ. 1ರ ಬೋರ್ಡೋ 20 ಮಿ.ಲೀ. ತಳದಲ್ಲಿ ಉಳಿದರೆ ಅದರಲ್ಲಿ 50 ಮಿಲಿಗ್ರಾಂ ತಾಮ್ರ ಉಂಟು. ಎಲ್ಲವೂ ರಬ್ಬರಿಗೇ ಸೇರಿತು ಎಂದು ಹಿಡಿದರೆ ನಿಮ್ಮ ಹತ್ತು ಶೀಟಿನ 5 ಕೆಜಿಗೆ ಅದು ಮಿತಿ ಮೀರಿದ್ದೇ.

"ತೊಳೆದೇ ಉಪಯೋಗಿಸುವುದು" ಅಂದಿರಲ್ಲ, ಮೋಸ ಇರುವುದೇ ಅಲ್ಲಿ. ಗೋಡೆಗೆ ಹಿಡಿದ ನೀಲಿ ಕಟ್ಟು ತಾಮ್ರದ ಹೈಡ್ರಾಕ್ಸೈಡ್, ಸುಣ್ಣದ ಜೊತೆಗಿನದ್ದು. ಅದು ನೀರಿನಲ್ಲಿ ಕರಗುವುದೇ ಇಲ್ಲ. ಮಳೆಗೆ ಅಡಿಕೆ ಗೊನೆಯಿಂದ ಜಾರಿ ಹೋಗಬಾರದು ಎಂದೇ ಸುಣ್ಣ ಹಾಕುವುದು. ಹಾಗಾಗಿ ಎಷ್ಟು ತೊಳೆದರೂ ನೀರು ತಿಳಿ. ಆದರೆ ಆಸಿಡ್ ಬಿದ್ದ ಕೂಡಲೇ ಆ ಹೈಡ್ರಾಕ್ಸೈಡ್ ಕರಗಿ ತಾಮ್ರ ಬಿಡಿಯಾಗುತ್ತದೆ. ಅಮೋನಿಯವೂ ಅದನ್ನು ಕರಗಿಸುತ್ತದೆ. ಅಂದರೆ ರಬ್ಬರ್ ಕೆಲಸದಲ್ಲಿ ಉಪಯೋಗಿಸುವ ಎರಡೂ ವಸ್ತು ತಾಮ್ರವನ್ನು ಎಬ್ಬಿಸುವಂಥವೇ.

ಪರೀಕ್ಷೆ ಬೇಕಾದರೆ ಬ್ಯಾರಲ್‌ನ ಕಟ್ಟಿನ ಮೇಲೆ ಸ್ವಲ್ಪ ವಿನೆಗರ್ ಓಡಾಡಿಸಿ, ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಅಮೋನಿಯ ಹಾಕುತ್ತಾ ಹೋಗಿ. ಕಡು ನೀಲಿ ಎದ್ದರೆ ತಾಮ್ರ. ಬೋರ್ಡೋ ಹದ ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ಕೆಂಪು ಹಿಡಿಯುತ್ತದೆ. ಉಜ್ಜಿದ ಮೊಳೆಯನ್ನು ಆ ವಿನೆಗರ್ ನೀರಿನಲ್ಲಿ ಹಾಕಿಟ್ಟರೂ ತಾಮ್ರ ಹೆಚ್ಚಿದ್ದಲ್ಲಿ ಅದೇ ಕೆಂಪು ಬರುತ್ತದೆ.

ಆ ಬ್ಯಾರಲ್ ಮದ್ದಿಗೇ ಇರಲಿ. ರಬ್ಬರಿಗೆ ಬೇರೆ ತನ್ನಿ, ಬೇರೆ ಬಣ್ಣದ್ದೇ ತನ್ನಿ, ಕೆಲಸದವರಿಗೆ ಹೇಳಲು ಸುಲಭ. ಹಾಲು ಸೋಸುವ ಜರಡಿ ಹಿತ್ತಾಳೆಯದ್ದಾಗಿದ್ದರೆ ಬದಲಿಸಿ, ಸ್ಟೀಲ್ ಹಾಕಿ. ಮದ್ದು ಬಿಟ್ಟ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಶೀಟ್ ಮುಟ್ಟುವುದೂ ಬೇಡ.

ಪೆರ್ಲ_ಗುಡ್ಡೆ

ತಾಮ್ರದ ವಿಷಯ ಗೊತ್ತಿರಲಿಲ್ಲ, ಉಪಕಾರ. ಒಂದು ಸಂಶಯ, ಪುನರ್ಪುಳಿ ನೀರು, ಹುಳಿ ಮಜ್ಜಿಗೆ ಇಂಥದ್ದರಲ್ಲಿ ಹೆಪ್ಪುಗಟ್ಟಿಸಬಹುದಲ್ಲ? ಮತ್ತೆ ಶೀಟ್ ಮಾಡಿ ಉಳಿದ ನೀರು ನಮ್ಮಲ್ಲಿ ನೇರ ತೋಡಿಗೆ (ಹಳ್ಳಕ್ಕೆ) ಹೋಗುತ್ತದೆ.

ಅಡೂರು_ಶೀಟ್

ಹೆಪ್ಪುಗಟ್ಟುತ್ತದೆ, ಪಿಎಚ್ ಇಳಿದರೆ ಸಾಕಲ್ಲ. ಆದರೆ ಅವುಗಳ ಆಮ್ಲ ಆರಿ ಹೋಗುವಂಥದ್ದಲ್ಲ, ಜೊತೆಗೆ ಸಕ್ಕರೆ, ಬಣ್ಣ, ಪ್ರೋಟೀನ್ ಎಲ್ಲ ಶೀಟಿನಲ್ಲಿ ಉಳಿದು ಬೂಸುರು ಹಿಡಿಯುತ್ತದೆ. ಸಾದಾ ವಿನೆಗರ್ ಆದರೆ ಶೇ. 5ರದ್ದು ಡಿಶ್‌ಗೆ ಹತ್ತಿರ ಹತ್ತಿರ 100 ಮಿ.ಲೀ. ಬೇಕು, ಲೆಕ್ಕ ಹಾಕಿ ನೋಡಿ, ಫಾರ್ಮಿಕ್ಕೇ ಅಗ್ಗ.

ತೋಡಿಗೆ ಬಿಡಬೇಡಿ. ಆ ನೀರಿನಲ್ಲಿ ಆಸಿಡ್‌ಗಿಂತ ದೊಡ್ಡ ಸಮಸ್ಯೆ ಪ್ರೋಟೀನ್ ಮತ್ತು ಸಕ್ಕರೆ. ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯುತ್ತದೆ, ಮೊಟ್ಟೆ ಕೊಳೆತ ವಾಸನೆ ಬರುತ್ತದೆ. ಕುಡಿಯುವ ನೀರಿಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಿಯ ಮೇಲ್ಗಡೆ, ಬಾವಿಯ ಹತ್ತಿರ ಇಂಗಲೂ ಬಿಡಬಾರದು. ನಮ್ಮ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ನೀರು ಸಂದಿಗಳ ಮೂಲಕ ಬೇಗ ಇಳಿಯುತ್ತದೆ, ಮಣ್ಣೂ ಮೊದಲೇ ಹುಳಿ. ಗೋಬರ್ ಗ್ಯಾಸ್ ಇದ್ದವರು ಶೀಟ್ ನೀರನ್ನು ಅದಕ್ಕೆ ಕೊಡಬಹುದು, ಒಮ್ಮೆಲೇ ಅಲ್ಲ, ಸೆಗಣಿಯ ಜೊತೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ. ಇಲ್ಲದವರು ಟಾಂಕಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ. ಡಿಶ್‌ಗೆ ಹಾಕಿದ 2 ಗ್ರಾಂ ಫಾರ್ಮಿಕ್‌ಗೆ ಅರಳಿದ ಸುಣ್ಣ 1.6 ಗ್ರಾಂ ಸಾಕು, ಹತ್ತು ಡಿಶ್‌ಗೆ 16. ಪಿಎಚ್ ಪೇಪರ್ 6.5–7 ತೋರಿಸಿದ ಮೇಲೆ ನಿಲ್ಲಿಸಿ.

ಕುಂಬಳೆ_ಕೆಮಿಸ್ಟ್ರಿ

ಸುಟ್ಟ ಗಾಯದ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಬರೆಯುತ್ತೇನೆ. ಶೇ. 85ರ ಫಾರ್ಮಿಕ್ ಚರ್ಮಕ್ಕೆ ಬಿದ್ದರೆ ದುರ್ಬಲ ಆಮ್ಲ ಎಂಬ ಹೆಸರಿಗೆ ಅರ್ಥವಿಲ್ಲ, ಆ ಗಟ್ಟಿತನದಲ್ಲಿ ಅದು ಚರ್ಮದ ಒಳಗೆ ಇಳಿಯುತ್ತದೆ, ಬೊಬ್ಬೆ ಏಳುತ್ತದೆ. ಕೂಡಲೇ ಹರಿಯುವ ನೀರಿನ ಕೆಳಗೆ ಹಿಡಿದು 20 ನಿಮಿಷ ಬಿಡದೆ ತೊಳೆಯಿರಿ, ಆಸಿಡ್ ತಾಗಿದ ಬಟ್ಟೆಯನ್ನು ಆಗಲೇ ತೆಗೆಯಿರಿ. ಸುಣ್ಣ, ಸೋಡ ಹಚ್ಚಬೇಡಿ. ಆಮ್ಲ-ಪ್ರತ್ಯಾಮ್ಲ ಕೂಡಿದಾಗ ಬಿಸಿ ಏಳುತ್ತದೆ, ಗಾಯದ ಮೇಲೆ ಮತ್ತೊಂದು ಗಾಯ. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ನೋವು ಕಡಿಮೆ ಅನಿಸಿದರೂ ನೇರ ಆಸ್ಪತ್ರೆಗೆ. ಅಪ್ಪಿತಪ್ಪಿ ಕುಡಿದವರಿಗೆ ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟ ಗಂಟಲನ್ನು ಅದು ಏರುವಾಗ ಮತ್ತೆ ಸುಡುತ್ತದೆ.

ಇದಕ್ಕೆಲ್ಲ ದೊಡ್ಡ ಕಾರಣ ಒಂದೇ, ಆಸಿಡನ್ನು ನೀರಿನ ಬಾಟಲಿಗೆ, ಸೋಡ ಬಾಟಲಿಗೆ ಬಗ್ಗಿಸಿಡುವುದು. ಫಾರ್ಮಿಕ್ ನೋಡಲು ಥೇಟ್ ನೀರು. ಅಂಗಡಿಯಿಂದ ತಂದ ಕ್ಯಾನಿನಲ್ಲೇ ಇರಲಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಎಟುಕದ ಹಾಗೆ. ಬೇಸಿಗೆಯಲ್ಲಿ ಮುಚ್ಚಳವನ್ನು ಒಮ್ಮೆಲೇ ತಿರುಗಿಸಬೇಡಿ, ಒಳಗೆ ಅನಿಲ ಒತ್ತಿಕೊಂಡಿರುತ್ತದೆ; ಮುಖ ಆಚೆ ಮಾಡಿ ಅರ್ಧ ಸಡಿಲಿಸಿ, ಉಸ್ಸೆಂದು ಹೋದ ಮೇಲೆ ಪೂರ್ತಿ ತೆಗೆಯಿರಿ.

ಮುಳ್ಳೇರಿಯ_ತೋಟ

ಬ್ಯಾರಲ್ ಕಟ್ಟಿಗೆ ವಿನೆಗರ್ ಹಾಕಿ ಅಮೋನಿಯ ಬಿಟ್ಟು ನೋಡಿದೆ, ಲೋಟ ಪೂರ್ತಿ ಕಡು ನೀಲಿ. ಈಗ ಮಾಡಿಟ್ಟ ಶೀಟನ್ನು ಏನಾದರೂ ಮಾಡಿ ಉಳಿಸಬಹುದಾ?

ನೀರ್ಚಾಲು_ಅಡಿಕೆ

ಶೀಟಿನ ಒಳಗೆ ಸೇರಿದ ತಾಮ್ರ ತೊಳೆದರೆ ಬರುವುದಿಲ್ಲ. ಅಂಟದೆ ಉಳಿದವನ್ನು ಬೇರೆ ಮಾಡಿ, ಬಿಸಿಲು ತಾಗಿಸದೆ ಬೇಗ ಮಾರಿ. ಬಿಸಿಲು ಬಿದ್ದರೆ ಅದೇ ಕೆಲಸ ಇನ್ನೂ ವೇಗ. ಅಂಟಿದವನ್ನು ಒಳ್ಳೆಯ ಶೀಟಿನ ಅಟ್ಟಿಯೊಳಗೆ ಇಡಬೇಡಿ, ತೆಗೆದು ಒಟ್ಟುಪಾಲಿನ (ಚೂರುಪಾರು ರಬ್ಬರಿನ) ಜೊತೆ ಕೊಟ್ಟುಬಿಡಿ, ಕೊಡುವಾಗ ವಿಷಯ ಹೇಳಿಯೇ ಕೊಡಿ. ತೂತು ಬಿದ್ದ ಡಿಶ್‌ಗೆ ಎಂಸೀಲ್ (ಸೋರಿಕೆ ಮುಚ್ಚುವ ಅಂಟು) ಮೆತ್ತುವವರುಂಟು, ಅದು ಹೆಪ್ಪಿಗೆ ಹಿಡಿದು ತುಂಡು ತುಂಡಾಗಿ ಶೀಟಿಗೆ ಬರುತ್ತದೆ. ಹೊಸ ಡಿಶ್ಶೇ ತನ್ನಿ.